ಒಂದು ಬಲ್ಬು, ಎರಡು ಮೀಟರು

ಚಾಚಾ ತೀರಿಕೊಂಡರು ಎಂದು ನನ್ನ ತಮ್ಮ ಗೋಕಾಕದಿಂದ ಫೋನ್ ಮಾಡಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಹೆಂಗ ಹ್ವಾದ್ರೋ?" ಎಂದು. ಬೇರೆ ಯಾರಾದರೂ ಆಗಿದ್ದರೆ "ಯಾವಾಗ" ಎಂದು ಕೇಳುತ್ತಿದ್ದೆನೇನೋ. ಆದರೆ ಇವರು ಬದುಕಿಡೀ ವಾಯರುಗಳ ನಡುವೆ ಕೈಯಾಡಿಸಿದ ಮನುಷ್ಯ. ನಿಚ್ಚಣಿಕೆ, ಹಸಿ ಗೋಡೆ, ಇಲಿ ಕಡಿದ ವಾಯರು ಎಲ್ಲ ನನ್ನ ಕಣ್ಣ ಮುಂದೆ ಬಂದು ಹೋದವು.

"ಮಲಕೊಂಡಲ್ಲೇ ಹ್ವಾದ್ರಂತ. ಮುಂಜಾನಿ ಎಬಸಾಕ ಹೋದ್ರ ಎದ್ದಿಲ್ಲ," ಎಂದ ತಮ್ಮ.

ದುಃಖ ಆಮೇಲೆ ಬಂತು. ಮೊದಲು ನನಗೆ ಹಾಯೆನಿಸಿತು. ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ, ಯಾಕೆಂದರೆ ಮಾತಾಡಿಸಲು ಹೋದಾಗ ಅವರ ಹೆಂಡತಿ ಚಾಚಿ ಅಂದದ್ದೂ ಅದನ್ನೇ. ನನ್ನ ಕೈ ಹಿಡಿದುಕೊಂಡು, "ಅವ್ರು ಕೆಲಸಕ್ಕ ಹೋದ ದಿನಾ ಗಾಡಿ ಸಪ್ಪಳ ಕೇಳೂ ತನಕ ನಾ ಒಂದ ತುತ್ತ ತಿಂದಾಕಿ ಅಲ್ಲವ್ವಾ. ಕರೆಂಟ್ ಅವರಿಗೆ ಏನೂ ಮಾಡ್ಲಿಲ್ಲ. ಇನ್ನ ಮ್ಯಾಲೆ ನಾ ಹೊತ್ತಿಗೆ ಸರಿಯಾಗಿ ಊಟಾ ಮಾಡ್ತೇನಿ," ಎಂದರು. ಅಳುತ್ತಲೇ ಅಂದರು, ಆದರೆ ಅಂದರು.

ನಾವು ಚಾಚಾ ಎಂದು ಕರೆಯುತ್ತಿದ್ದರೂ ಅವರು ನಂಟರಲ್ಲ, ಗೋಕಾಕದವರು. ವಾಯರಮನ್. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ವಿಪರೀತ ಖುಷಿಯಾಗುತ್ತಿತ್ತು, ಹೆಸರಿನ ಬಾಜೂಕ ಫೋಟೋ ಯಾಕಿಲ್ಲ ಎಂದೂ ಕೇಳುತ್ತಿದ್ದರು. ಅಷ್ಟು ಹೆಮ್ಮೆಯ ಮನುಷ್ಯ. ವಿನಯ ಎಂಬುದು ಅವರ ಕೈಚೀಲದಲ್ಲಿ ಇರಲೇ ಇಲ್ಲ. ಪಕ್ಕಡ ಇತ್ತು, ಟೆಸ್ಟರ್ ಇತ್ತು, ಕರಿ ಟೇಪಿನ ಸುರುಳಿ ಇತ್ತು, ವಿನಯ ಮಾತ್ರ ಇರಲಿಲ್ಲ.

ಕೆಲಸಕ್ಕೆ ಬರುವಾಗ ಬಿಳಿ ಅಂಗಿಯನ್ನೇ ಹಾಕಿಕೊಂಡು ಬರುವುದು ಅವರ ಒಂದು ಹಟ. ಅಟ್ಟದ ಧೂಳು, ಜೇಡರ ಬಲೆ, ಗೋಡೆ ಕೊರೆದ ಮಣ್ಣು ಎಲ್ಲದರೊಳಗೆ ಹೊಕ್ಕು ಹೊರಬಂದ ಮೇಲೆ ಎರಡೂ ಕೈ ಅಗಲಿಸಿ ನಿಂತು, "ನೋಡ್ರಿ, ಒಂದ ಕಲಿ ಐತೇನ?" ಎಂದು ಕೇಳುತ್ತಿದ್ದರು. ಇರುತ್ತಿರಲಿಲ್ಲ. ಹೇಗೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಟೆಸ್ಟರನ್ನು ಸಾಲಿ ಮಾಸ್ತರರು ಪೆನ್ನು ಸಿಕ್ಕಿಸಿಕೊಂಡ ಹಾಗೆ ಎದೆಯ ಕಿಸೆಗೆ ಸಿಕ್ಕಿಸುತ್ತಿದ್ದರು. ಮದುವೆ ಊಟಕ್ಕೆ ಬಂದಾಗಲೂ ಅದು ಅಲ್ಲೇ ಇರುತ್ತಿತ್ತು.

ಕರೆಂಟಿನ ಮೇಲೆ ತಮಗೆ ಮನೆತನದ ಹಕ್ಕು ಇದ್ದಂತೆ ಮಾತಾಡುತ್ತಿದ್ದರು. "ಫಾಲ್ಸ್‌ನಾಗ ನೀರಿಂದ ಕರೆಂಟ್ ತಗದಾಗ ನಮ್ಮ ಮುತ್ತ್ಯಾ ಅಲ್ಲೇ ನಿಂತಿದ್ದಾ," ಎನ್ನುತ್ತಿದ್ದರು. ಅವರ ಅಜ್ಜ ಗೋಕಾಕ ಫಾಲ್ಸಿನಲ್ಲಿ ನಿಂತು ಏನು ಮಾಡುತ್ತಿದ್ದರು ಎಂದು ನಮ್ಮಪ್ಪ ಒಮ್ಮೆ ಕೇಳಿದ್ದಕ್ಕೆ, "ನೋಡಾಕತ್ತಿದ್ದಾ. ನೋಡವ್ರೂ ಬೇಕಲ್ಲರಿ," ಎಂದರು. ಅಪ್ಪ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಿದ್ದ.

ಕೆಲಸ ಮುಗಿದ ಮೇಲೆ ಹೊಸ ಬಟನ್ನನ್ನು ಅವರು ತಾವಾಗಿ ಒತ್ತುತ್ತಿರಲಿಲ್ಲ. ಮನೆಯವರನ್ನೆಲ್ಲ ಕರೆದು ನಿಲ್ಲಿಸಬೇಕು. ಮನೆಯ ಹಿರಿಯ ಹೆಣ್ಣುಮಗಳು ಬೋರ್ಡಿಗೆ ಕುಂಕುಮ ಹಚ್ಚಬೇಕು. ಆಮೇಲೆ ಅವಳೇ ಒತ್ತಬೇಕು. ಲೈಟು ಹೊತ್ತಿದಾಗ ಎಲ್ಲರೂ ಬಲ್ಬಿನ ಕಡೆ ನೋಡಿದರೆ ಚಾಚಾ ಮಾತ್ರ ನಮ್ಮ ಮುಖಗಳ ಕಡೆ ನೋಡುತ್ತಿದ್ದರು. ಯಾರಾದರೂ "ಭಾರಿ ಆತು" ಎನ್ನುವ ತನಕ ಚೀಲ ಎತ್ತುತ್ತಿರಲಿಲ್ಲ.

ಬೇರೆಯವರು ಮಾಡಿದ ವಾಯರಿಂಗ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಯಾವ ಮನೆಯ ಬೋರ್ಡು ಬಿಚ್ಚಿದರೂ ಮೊದಲ ಮಾತು, "ಯಾವ ಮಬ್ಬ ಮಾಡ್ಯಾನ್ರಿ ಇದನ್ನ?" ಒಂದು ಸಲ ಅಂಕಲಗಿಯಲ್ಲಿ ನಮ್ಮ ದೊಡ್ಡವ್ವನ ಮನೆಯ ಬೋರ್ಡು ಬಿಚ್ಚಿ ಹೀಗೇ ಬೈಯುತ್ತ ಬೈಯುತ್ತ ಒಳಗಿನ ಗಂಟು ನೋಡಿ ಗಪ್ಪಾದರು. ಅದು ಅವರದೇ ಗಂಟು. ವಾಯರಿನ ತುದಿಗೆ ಟೇಪು ಸುತ್ತಿ ಕೊನೆಗೆ ಒಂದು ಸಣ್ಣ ಬಾಲ ಬಿಡುವುದು ಅವರೊಬ್ಬರದೇ ರೂಢಿ. ದೊಡ್ಡವ್ವ ಬಿಡಲಿಲ್ಲ. "ಯಾಂವೋ ಮಬ್ಬ ಅಂದ್ರಲಾ, ಯಾಂವ ಅಂವಾ?" ಎಂದಳು. ಚಾಚಾ ಸ್ವಲ್ಪವೂ ಹಿಂಜರಿಯದೆ, "ಆವಾಗ ನಾ ಸಣ್ಣಾಂವ ಇದ್ದೆ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ," ಎಂದರು. ತಪ್ಪಾಯಿತು ಎಂದು ಮಾತ್ರ ಅವರ ಬಾಯಿಂದ ಬರಲಿಲ್ಲ. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಒಂದೇ ಸಲ, ಅದೂ ನಮ್ಮ ಹಿತ್ತಲಿನಲ್ಲಿ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಕೊಣ್ಣೂರಿನ ನಮ್ಮ ಮನೆಗೆ ಮೊದಲು ಕರೆಂಟು ಎಳೆದವರು ಚಾಚಾನೇ. ನಾನಾಗ ಕನ್ನಡ ಸಾಲಿಗೆ ಹೋಗುತ್ತಿದ್ದೆ. ಕಟ್ಟಿಗೆಯ ಪಟ್ಟಿ ಬಡಿದು, ಕರಿ ಗುಂಡು ಬಟನ್ನುಗಳನ್ನು ಹಾಕಿ ಇಡೀ ಮನೆಗೆ ಬೆಳಕು ಕೊಟ್ಟರು. ಅಪ್ಪ, ಕಾಕಾ, ಅವರ ಹೆಂಡಿರು, ಮಕ್ಕಳು ಎಲ್ಲ ಒಂದೇ ಒಲೆಯ ಅಡುಗೆ ಉಣ್ಣುವ ಕಾಲ. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಯಿತು. ನಮ್ಮ ಕಡೆ ಅದಕ್ಕೆ ವಾಟ್ನಿ ಎನ್ನುತ್ತೇವೆ. ಪಡಸಾಲೆಯಿಂದ ಹಿಡಿದು ಅಡುಗೆಮನೆಯವರೆಗೆ ನಡುವೆ ಒಂದು ಗೋಡೆ ಎದ್ದಿತು. ಒಂದು ಕಡೆ ಅವ್ವ ಮತ್ತು ತಮ್ಮ, ಇನ್ನೊಂದು ಕಡೆ ಕಾಕಾ ಮತ್ತು ಕಾಕಿ. ನಮ್ಮ ಪಾಲಿಗೆ ಬೇರೆ ಮೀಟರು ಬಂತು. ಅದನ್ನು ಕೂಡಿಸಿದವರು ಬೇರೆ ಯಾರೋ. ಅವರು ನಮ್ಮ ಕಡೆಯ ಬೋರ್ಡುಗಳನ್ನೆಲ್ಲ ಹಳೆಯ ಮೀಟರಿನಿಂದ ಬಿಡಿಸಿ ಹೊಸದಕ್ಕೆ ಹಚ್ಚಿ ಹೋದರು.

ಹಿತ್ತಲು ಮಾತ್ರ ಪಾಲಾಗದೆ ಇಬ್ಬರಿಗೂ ಸಾಮಾಯಿಕ ಉಳಿಯಿತು. ಬಚ್ಚಲು, ನೀರಿನ ತೊಟ್ಟಿ, ಎಮ್ಮೆ ಕಟ್ಟುವ ಜಾಗ ಎಲ್ಲ ಅಲ್ಲೇ. ಅಲ್ಲಿಗೆ ಬೆಳಕು ಬೀಳಲಿ ಎಂದು ಹಿಂದಿನ ಗೋಡೆಗೆ ಒಂದು ಬಲ್ಬು ಇತ್ತು. ಬಲ್ಬು ಇಬ್ಬರದೂ ಆಯಿತು, ಅದರ ಬಟನ್ ಕಾಕಿಯ ಅಡುಗೆಮನೆಗೆ ಹೋಯಿತು. ಪಾಲು ಮಾಡಿದ ಹಿರಿಯರು ಕಂಬ, ಕೋಣೆ, ಕಪಾಟು ಎಲ್ಲ ಹಂಚಿದರು, ಈ ಒಂದು ಬಟನ್ನಿನ ನೆನಪು ಯಾರಿಗೂ ಆಗಲಿಲ್ಲ.

ಮಾತಿದ್ದರೆ ಏನೂ ತೊಂದರೆ ಇರಲಿಲ್ಲ. "ಲೈಟ್ ಹಾಕ" ಎಂದು ಕೂಗಿದರೆ ಆಗುತ್ತಿತ್ತು. ಆದರೆ ಬಚ್ಚಲಿನ ತಾಮ್ರದ ಹಂಡೆ ಯಾರಿಗೆ ಎಂಬಲ್ಲಿ ಅವ್ವನಿಗೂ ಕಾಕಿಗೂ ಮಾತು ನಿಂತಿತ್ತು. ಅವ್ವ ನಸುಕಿನಲ್ಲಿ ಎಮ್ಮೆ ಹಿಂಡಲು ಕತ್ತಲಲ್ಲೇ ಹೋಗತೊಡಗಿದಳು. ಬ್ಯಾಟರಿ ಹಿಡಿದರೆ ಒಂದು ಕೈ ಹೋಗುತ್ತದೆ, ಚರಿಗೆ ಹಿಡಿಯಲು ಇನ್ನೊಂದು, ಜಾರಿದರೆ ಗೋಡೆ ಹಿಡಿಯಲು ಕೈಯೇ ಇಲ್ಲ. ಒಂದು ದಿನ ತೊಟ್ಟಿಯ ಹತ್ತಿರ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು.

ನಾನು ಹುಕ್ಕೇರಿಯಲ್ಲಿ ಹೈಸ್ಕೂಲು ಮಾಸ್ತರಿಕೆ ಮಾಡುವವಳು. ಅಲ್ಲಿಂದಲೇ ಚಾಚಾನಿಗೆ ಫೋನ್ ಮಾಡಿ, ಹಿತ್ತಲಿನ ಬಲ್ಬಿಗೆ ನಮ್ಮ ಅಡುಗೆಮನೆಯಲ್ಲೂ ಒಂದು ಬಟನ್ ಹಾಕಿಕೊಡಿ ಎಂದೆ.

"ಅದೇನ್ ದೊಡ್ಡ ಮಾತವಾ? ಬಾಜೂಕ ನಾ ಹಾಕಿದ ಬೋರ್ಡೇ ಐತಿ. ಅದರಾಗಿಂದ ಒಂದ ವಾಯರ್ ಎಳದ್ರ ಆತ," ಎಂದರು. ಮರುದಿನವೇ ಹೋಗಿ, ನಮ್ಮ ಅಡುಗೆಮನೆಯ ಬೋರ್ಡಿನಲ್ಲಿದ್ದ ಬಟನ್ನುಗಳ ಪಕ್ಕ ಹೊಸದೊಂದನ್ನು ಕೂಡಿಸಿ, ಅಲ್ಲಿಂದ ಬಲ್ಬಿಗೆ ವಾಯರು ಎಳೆದರು. ಅವ್ವ ಕುಂಕುಮ ಹಚ್ಚಿ ಒತ್ತಿದಳು. ಬಲ್ಬು ಹೊತ್ತಿತು. ಯುಗಾದಿ ಹತ್ತಿರ ಬಂದಿತ್ತು. ಹೊರಡುವಾಗ ಚಾಚಾ ತಾವಾಗಿಯೇ ಒಂದು ಬುದ್ಧಿಮಾತು ಹೇಳಿದರು: "ಸುಣ್ಣಾ ಹಚ್ಚೂ ಮುಂದ ಮೇನ್ ಬಂದ ಮಾಡ್ರಿ ಅಕ್ಕಾ. ಮೇನ್ ಬಂದ ಇದ್ರ ಹೋಲ್ಡರ್ ಬಿಚ್ಚಿದ್ರೂ ಭಯಾ ಇಲ್ಲ."

ಮಾರನೆಯ ದಿನ ನಾನು ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಅವರ ಫೋನ್ ಬಂತು. ದನಿಯಲ್ಲಿ ಎಂದಿನ ಜಂಬ ಇರಲಿಲ್ಲ.

"ತಂಗಿ, ನಿಮ್ಮವ್ವ ಏನ್ ಮಾಡಾಕತ್ತಾಳ?"

"ಇವತ್ತ ಹಿತ್ತಲಕ ಸುಣ್ಣಾ ಹಚ್ಚತೇನಿ ಅಂದಿದ್ಲು. ಯಾಕ್ರಿ ಚಾಚಾ?"

"ಯಾ ಅಲ್ಲಾ," ಎಂದರು. "ಆ ಬಲ್ಬಿಗೆ, ಹೋಲ್ಡರಿಗೆ ಕೈ ಹಚ್ಚಬ್ಯಾಡ ಅಂತ ಹೇಳು. ಮೇನ್ ಬಂದ ಮಾಡಿದ್ರೂ ಹಚ್ಚಬಾರದು. ನಿಮ್ಮ ಕಾಕಿ ಕಡೆ ಬಟನ್ನೂ ಬಂದ ಆಗಬೇಕು, ಮೇನೂ ಬಂದ ಆಗಬೇಕು. ಮೊದಲ ನಿಮ್ಮವ್ವಗ ಫೋನ್ ಹಚ್ಚು. ನನ್ನ ಆಮ್ಯಾಲೆ ಬೈಯಾಕಂತಿ. ನಾ ಕಲ್ಲೋಳಿಯಿಂದ ಹೊಂಟೆ."

ಆಗಿದ್ದು ಇಷ್ಟು. ಚಾಚಾ ಅಂದು ಕಲ್ಲೋಳಿಯ ಒಂದು ಮದುವೆ ಮನೆಯಲ್ಲಿದ್ದರು. ಕರೆಂಟು ಹೋಯಿತು. ಜನರೇಟರ್ ಶುರು ಮಾಡುವ ಮೊದಲು, ತಮ್ಮ ರೂಢಿಯಂತೆ ಮನೆಯವರನ್ನೆಲ್ಲ ನಿಲ್ಲಿಸಿ ಪಾಠ ಹೇಳುತ್ತಿದ್ದರಂತೆ: ಕಂಬದ ಕರೆಂಟು ಬೇರೆ, ಜನರೇಟರಿನ ಕರೆಂಟು ಬೇರೆ, ಎರಡು ಕಡೆಯ ಕರೆಂಟು ಒಂದೇ ವಾಯರಿಗೆ ಬರಬಾರದು, ಒಂದು ಕಡೆ ಬಂದ್ ಮಾಡಿದರೂ ಇನ್ನೊಂದು ಕಡೆಯಿಂದ ಬಂದು ಹೊಡೆಯುತ್ತದೆ. ಹೇಳುತ್ತ ಹೇಳುತ್ತ ಅವರ ಮಾತು ಅವರ ಕಿವಿಗೇ ಬಿತ್ತು. ಹಿಂದಿನ ದಿನ ಕೊಣ್ಣೂರಿನಲ್ಲಿ ತಾವು ಮಾಡಿಬಂದದ್ದು ಅದನ್ನೇ. ಕಾಕಿಯ ಮೀಟರಿನಿಂದ ಮೊದಲೇ ಕರೆಂಟು ಬರುತ್ತಿದ್ದ ಬಲ್ಬಿಗೆ ನಮ್ಮ ಮೀಟರಿನ ಕರೆಂಟನ್ನೂ ಹಚ್ಚಿದ್ದರು. ಎರಡೂ ಮೀಟರಿಗೆ ಕಂಬದ ಮೇಲಿನ ಒಂದೇ ತಂತಿಯಿಂದ ಕರೆಂಟು ಬರುತ್ತಿದ್ದುದರಿಂದ ಢಬ್ ಎಂದು ಸದ್ದಾಗದೆ ಬಲ್ಬು ಸುಮ್ಮನೆ ಹೊತ್ತಿತ್ತು. ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅವ್ವ ತನ್ನ ಮೇನ್ ಬಂದ್ ಮಾಡಿ ನಿಶ್ಚಿಂತೆಯಿಂದ ಹೋಲ್ಡರು ಹಿಡಿದರೆ ಗೋಡೆಯಾಚೆಯ ಮೀಟರು ಅವಳನ್ನು ಕೊಲ್ಲಬಹುದಿತ್ತು. ಅದೂ ಚಾಚಾ ಹೇಳಿದ ಬುದ್ಧಿಮಾತನ್ನು ಚಾಚೂ ತಪ್ಪದೆ ಕೇಳಿದ್ದಕ್ಕೆ.

ಅವ್ವನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಅದು ಪಡಸಾಲೆಯ ಗೂಟದಲ್ಲಿ ಚೀಲದೊಳಗೆ ನೇತಾಡುತ್ತಿರುತ್ತದೆ ಎಂದು ನನಗೆ ಗೊತ್ತಿತ್ತು. ತಮ್ಮ ಗೋಕಾಕದಲ್ಲಿ ತನ್ನ ಅಂಗಡಿಯಲ್ಲಿದ್ದ. ಹತ್ತಿರ ಇದ್ದವಳು ಒಬ್ಬಳೇ, ಗೋಡೆಯಾಚೆಯ ಕಾಕಿ. ವಾಟ್ನಿಯಾದ ಮೇಲೆ ನಾನು ಅವಳಿಗೆ ಒಂದು ಸಲವೂ ಫೋನ್ ಮಾಡಿರಲಿಲ್ಲ. ಆದರೆ ನಂಬರು ಇತ್ತು. ಅಳಿಸಲು ಯಾಕೋ ಮನಸ್ಸು ಬಂದಿರಲಿಲ್ಲ.

ಕಾಕಿ ಎತ್ತಿದವಳೇ, "ಯಾರ ಹ್ವಾದ್ರ?" ಎಂದಳು. ಮಾತು ಬಿಟ್ಟ ಬಳಗದವರು ಫೋನ್ ಮಾಡುವುದು ಸಾವಿನ ಸುದ್ದಿಗೆ ಮಾತ್ರ, ಅದರಲ್ಲಿ ಅವಳ ತಪ್ಪೇನಿಲ್ಲ.

"ಯಾರೂ ಹೋಗಿಲ್ಲ ಕಾಕಿ. ಅವ್ವ ಹಿತ್ತಲದಾಗ ಬಲ್ಬಿಗೆ ಕೈ ಹಚ್ಚಾಕತ್ತಾಳೇನ ನೋಡು. ಹಚ್ಚಬ್ಯಾಡ ಅನ್ನು. ಕರೆಂಟ್ ಹೊಡಿತೈತಿ. ಓಡು!"

ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫೋನ್ ಕೈಯಲ್ಲೇ ಇತ್ತು, ನನಗೆ ಎಲ್ಲ ಕೇಳಿಸುತ್ತಿತ್ತು. ಏನೋ ಪಾತ್ರೆ ಉರುಳಿತು. ಬಾಗಿಲ ಅಗಳಿ ತೆಗೆದ ಸದ್ದಾಯಿತು. ಆಮೇಲೆ ಕಾಕಿಯ ದನಿ: "ಅಕ್ಕಾ! ಕೈ ತಗೀರಿ! ಅಕ್ಕಾ, ಕೈ ತಗೀರಿ ಅಂತೇನಿ!"

ಆಮೇಲೆ ಏನೂ ಇಲ್ಲ. ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತಿದ್ದೆ. ಎದುರಿಗಿದ್ದವರು ಏನೋ ಕೇಳುತ್ತಿದ್ದರು, ನನಗೆ ಅವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಅಷ್ಟರಲ್ಲಿ ಫೋನಿನಲ್ಲಿ ಎಲ್ಲೋ ಒಂದು ಟೀವಿ ಒಮ್ಮೆಲೇ ಮಾತಾಡತೊಡಗಿತು. ಕೊಣ್ಣೂರಿನಲ್ಲೂ ಹೋಗಿದ್ದ ಕರೆಂಟು ಮರಳಿ ಬಂದಿತ್ತು.

"ಯಾಕ ಹಂಗ ಒದರಾಕತ್ತಿ?" ಎಂದು ಅವ್ವನ ದನಿ ಕೇಳಿಸಿತು. ಸಿಡುಕಿನ ದನಿ. ಅಷ್ಟು ಚಂದದ ಸಿಡುಕನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತು, ಎಲ್ಲರೆದುರಿಗೇ ಅತ್ತುಬಿಟ್ಟೆ.

ಅವ್ವ ಸ್ಟೂಲಿನ ಮೇಲೆ ನಿಂತಿದ್ದಳಂತೆ. ಊರಲ್ಲಿ ಕರೆಂಟು ಇರಲಿಲ್ಲ, ಆದರೂ ಚಾಚಾ ಹೇಳಿದ್ದಾರೆಂದು ನಮ್ಮ ಮೇನ್ ಬಂದ್ ಮಾಡಿಯೇ ಬಂದಿದ್ದಳು. ಬಲ್ಬು ತೆಗೆದು ಉಡಿಯಲ್ಲಿ ಇಟ್ಟುಕೊಂಡು, ಸುಣ್ಣದ ಹಸಿ ಕೈಯಲ್ಲಿ ಹೋಲ್ಡರು ತಿರುವುತ್ತಿದ್ದಳು. ಕಾಕಿಯ ಕಡೆಯ ಬಟನ್ ನಸುಕಿನಿಂದ ಹಾಕಿದ್ದು ಹಾಗೇ ಇತ್ತು. ಕಾಕಿ ಕೂಗಿದಾಗ ಅವ್ವ ಕೈ ತೆಗೆದದ್ದು ಕರೆಂಟಿನ ಹೆದರಿಕೆಯಿಂದಲ್ಲ. ಇವಳು ನನ್ನ ಕೂಡ ಮಾತಾಡಿದಳಲ್ಲ ಎಂಬ ಬೆರಗಿನಿಂದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳಂತೆ. ಹಂಡೆಯ ಜಗಳ ಇರದಿದ್ದರೆ ಅಷ್ಟು ಬೆರಗು ಎಲ್ಲಿಂದ ಬರುತ್ತಿತ್ತು ಎಂದು ಈಗಲೂ ನಾವು ನಗುತ್ತೇವೆ.

ಹುಕ್ಕೇರಿಯಿಂದ ಸಿಕ್ಕ ಬಸ್ಸು ಹಿಡಿದು ನಾನು ಹೋಗಿ ಮುಟ್ಟುವ ಹೊತ್ತಿಗೆ ಚಾಚಾ ಬಂದಿದ್ದರು. ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಅಂಗಿಯ ಮುಂಭಾಗವೆಲ್ಲ ಸುಣ್ಣ. ಬಂದವರೇ ಅವ್ವನ ಎರಡೂ ಕೈ ಹಿಡಿದು ಹಿಂದೆ ಮುಂದೆ ತಿರುವಿ ನೋಡಿದರಂತೆ, ಆ ಸುಣ್ಣ ಅದು. ಒರೆಸಿಕೊಂಡಿರಲಿಲ್ಲ. ಕಾಕಿ ನೀರು ತಂದಿದ್ದಳು, ಅವ್ವ ಬೆಲ್ಲ ತಂದಿದ್ದಳು. ಎರಡೂ ಅವರ ಮುಂದೆ ಹಾಗೇ ಇದ್ದವು.

"ತಪ್ಪಾತಕ್ಕಾ," ಎಂದರು.

"ಇಷ್ಟ ವರ್ಷ ಕೆಲಸಾ ಮಾಡಿದಿ, ಹೆಂಗ ತಪ್ಪಿದಿ ತಮ್ಮಾ?" ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯುವ ಆಸೆ ಇತ್ತು.

"ಗ್ವಾಡಿ ಕಣ್ಣಿಗೆ ಕಂಡಿತ್ತಕ್ಕಾ, ತಲಿಗೆ ಹೋಗಿರಲಿಲ್ಲ. ಬೋರ್ಡ್ ನಾ ಹಾಕಿದ್ದು, ವಾಯರ್ ನಾ ಎಳದದ್ದು. ಎಲ್ಲಾ ಒಂದ ಮೀಟರ್ ಅಂತ ಕೈ ಹಂಗs ಹೋತು. ಖರೆ ಹೇಳ್ಬೇಕಂದ್ರ, ನನ್ನ ತಲ್ಯಾಗ ಈ ಮನಿ ಇನ್ನೂ ಒಂದs ಐತಿ."

ಅವ್ವ ತೊಟ್ಟಿಯ ಕಡೆ ನೋಡಿದಳು. ಕಾಕಿ ಎಮ್ಮೆಯ ಕಡೆ ನೋಡಿದಳು. ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ. ಅಪ್ಪನ ನೆನಪು ಬಂದಿತ್ತು.

ಆಮೇಲೆ ಅವರು ಎದ್ದು ಕೆಲಸಕ್ಕೆ ನಿಂತರು. ಹಿಂದಿನ ದಿನ ಎಳೆದದ್ದನ್ನೆಲ್ಲ ಕಿತ್ತರು. ಈ ಸಲ ಮೆಟ್ಟಿಲಿಗೆ ಹಾಕುವ ಟೂ-ವೇ ಬಟನ್ನುಗಳು, ಕಾಕಿಯ ಕಡೆ ಒಂದು, ನಮ್ಮ ಕಡೆ ಒಂದು. ಕರೆಂಟು ಮಾತ್ರ ಒಂದೇ ಮೀಟರಿನದು. ಅದು ಕಾಕಿಯ ಬಟನ್ನಿಗೆ ಬಂದು, ಅಲ್ಲಿಂದ ಗೋಡೆ ದಾಟಿ ನಮ್ಮ ಬಟನ್ನಿಗೆ ಹೋಗಿ, ಆಮೇಲೆ ಬಲ್ಬಿಗೆ ಹೋಗಬೇಕು. "ಮೀಟರ್ ಯಾರದ ಇಡ್ಲಿ?" ಎಂದು ಕೇಳಿದಾಗ ಕಾಕಿಯೇ, "ನಮ್ಮದs ಇರ್ಲಿ ಬಿಡ್ರಿ, ಮೊದಲಿಂದ ನಮ್ಮದs ಐತಲ್ಲ," ಎಂದಳು. ಇನ್ನು ವಾಯರು ದಾಟಿಸಲು ನಡುವಿನ ಗೋಡೆಗೆ ತೂತು ಕೊರೆಯಬೇಕಿತ್ತು. ಚಾಚಾ ಉಳಿ ಹಿಡಿದು ನಿಂತು ಇಬ್ಬರ ಮುಖವನ್ನೂ ನೋಡಿದರು. ಆ ಗೋಡೆಗೆ ಒಂದು ಮೊಳೆ ಬಡಿದರೂ ಜಗಳವಾಗುತ್ತಿದ್ದ ದಿನಗಳು ಅವು.

"ಹಾಕ," ಎಂದಳು ಅವ್ವ.

"ವಾಯರ್ ಒತ್ತಬಾರದು, ಸ್ವಲ್ಪ ದೊಡ್ಡದs ಹಾಕ್ರಿ," ಎಂದಳು ಕಾಕಿ.

ಚಾಚಾ ನಿಚ್ಚಣಿಕೆ ಏರಿದಾಗ ಅದರ ಒಂದು ಕಾಲನ್ನು ಅವ್ವ ಹಿಡಿದಿದ್ದಳು, ಇನ್ನೊಂದು ಕಾಲನ್ನು ಕಾಕಿ. ಹಿಡಿಯಿರಿ ಎಂದು ಯಾರೂ ಹೇಳಿರಲಿಲ್ಲ. ಇಬ್ಬರೂ ಒಂದಾದರು ಎಂದು ಬರೆದರೆ ಸುಳ್ಳಾಗುತ್ತದೆ. ಹಂಡೆಯ ಮಾತು ಇಂದಿಗೂ ಮುಗಿದಿಲ್ಲ. ಆದರೆ ಟೂ-ವೇ ಬಟನ್ನಿನ ಗುಣ ಎಂದರೆ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆಯಬಹುದು. ಅವ್ವ ಹಿಂಡಲು ಕೂತಾಗ, ಯಾರೋ ಮರೆತಿದ್ದಾರೆಂದು ಕಾಕಿ ಆರಿಸುವುದು, ಅವ್ವ ಅಲ್ಲಿಂದಲೇ "ನಾ ಇಲ್ಲೇ ಅದೀನೇ!" ಎಂದು ಒದರುವುದು, ಕಾಕಿ "ಮೊದಲs ಹೇಳಬಾರದೇನ್ರಿ" ಎನ್ನುವುದು, ಹೀಗೆ ಮಾತು ಮತ್ತೆ ರೂಢಿಯಾಯಿತು.

ಅವ್ವನಿಗೆ ಒಳಗೊಳಗೇ ಹೆದರಿಕೆ ಉಳಿದಿತ್ತು. ಬಹಳ ದಿನ ಆ ಬಟನ್ನನ್ನು ಲಟ್ಟಣಿಗೆಯ ತುದಿಯಿಂದ ಒತ್ತುತ್ತಿದ್ದಳು. ಒಮ್ಮೆ ಚಾಚಾ ಅದನ್ನು ಕಂಡರು. ಬಾಯಿಬಡುಕ ಮನುಷ್ಯ ಏನೂ ಅನ್ನದೆ ಚಹಾ ಕುಡಿದು ಹೋದರು. ಆಮೇಲೆ ಕೊಣ್ಣೂರಿನ ಮೇಲೆ ಹಾದುಹೋಗುವಾಗಲೆಲ್ಲ ಗಾಡಿ ನಿಲ್ಲಿಸಿ ಒಳಗೆ ಬಂದು, ಚಪ್ಪಲಿ ಕಳೆದು, ಬರಿಗೈಯಲ್ಲಿ ಆ ಬಟನ್ನನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡಿ, "ಬರ್ತೇನಕ್ಕಾ," ಎಂದು ಹೋಗುತ್ತಿದ್ದರು. ಕೊನೆಗೆ ಅವ್ವ ಲಟ್ಟಣಿಗೆಯನ್ನು ರೊಟ್ಟಿ ಮಣೆಯ ಹತ್ತಿರ ವಾಪಸು ಇಟ್ಟಳು. "ಧೈರ್ಯಾ ಬಂತೇನವ್ವಾ?" ಎಂದು ಕೇಳಿದರೆ, "ಧೈರ್ಯಾ ಎಲ್ಲಿಂದ? ಅಂವನ ಮಾರಿ ನೋಡಾಕ ಆಗ್ಲಿಲ್ಲ," ಎಂದಳು.

ಅಲ್ಲಿಗೆ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲವೇನೋ. ಬೇರೆಯವರಾಗಿದ್ದರೆ ಆ ತಪ್ಪನ್ನು ಹೂತು ಹಾಕುತ್ತಿದ್ದರು. ನಮ್ಮ ಬಾಯಿ ಮುಚ್ಚಿಸುವುದೂ ಕಷ್ಟವಿರಲಿಲ್ಲ, ನಾವು ಯಾರಿಗೂ ಹೇಳುವವರಲ್ಲ. ಚಾಚಾ ಏನು ಮಾಡಿದರೆಂದರೆ, ತಮ್ಮ ಜಾಣತನದ ಬಗ್ಗೆ ಹೇಗೆ ಜಂಬ ಕೊಚ್ಚುತ್ತಿದ್ದರೋ ಹಾಗೇ ಈ ತಪ್ಪಿನ ಬಗ್ಗೆಯೂ ಊರೂರಲ್ಲಿ ಜಂಬ ಕೊಚ್ಚತೊಡಗಿದರು. ಮೂಡಲಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಹಾದ ಅಂಗಡಿಯಲ್ಲಿ ಸುತ್ತಮುತ್ತಲಿನ ವಾಯರಮನ್‌ಗಳು ಕೂಡುತ್ತಾರೆ. ಅಲ್ಲಿ ಬೆಂಚಿನ ನಡುವೆ ಕೂತು, "ಇಂಥಾ ತಪ್ಪ ಸಣ್ಣ ಪುಟ್ಟಾಂವ ಮಾಡೂದಲ್ಲೋ. ಇದಕ್ಕ ನನ್ನಂಥಾಂವನs ಬೇಕು," ಎಂದು ಶುರು ಮಾಡುತ್ತಿದ್ದರಂತೆ. ಎಲ್ಲರೂ ನಗುತ್ತಿದ್ದರು. ಕೊನೆಗೆ ಬೆರಳೆತ್ತಿ ಹೇಳುವ ಮಾತು ಒಂದೇ: "ಯಾರದರ ಮನಿಗೆ ಹೊಸಾ ಬಟನ್ ಹಾಕಾಕ ಹ್ವಾದ್ರ, ಚೀಲಾ ಬಿಚ್ಚೂದಕ್ಕಿಂತ ಮೊದಲ ಕೇಳ್ರಿ, ಈ ಮನಿ ವಾಟ್ನಿ ಆಗೇತೇನ್ರಿ ಅಂತ."

ಹೇಳುತ್ತ ಹೇಳುತ್ತ ಕತೆ ಬೆಳೆಯಿತು. ಒಂದು ಸಲ ಅವ್ವನೇ ಅವರನ್ನು ಹಿಡಿದುಬಿಟ್ಟಳು. ಕಲ್ಲೋಳಿಯಿಂದ ಬಂದ ಬೀಗರು ಯಾರೋ, "ನೀವು ದವಾಖಾನ್ಯಾಗ ಇದ್ರೆಂತಲ್ಲ, ಈಗ ಆರಾಮೇನ್ರಿ?" ಎಂದು ಅವ್ವನನ್ನು ಮರುಕದಿಂದ ಕೇಳಿದ್ದರು.

"ನಾ ಯಾವಾಗ ದವಾಖಾನಿಗೆ ಹೋಗಿದ್ನೋ ತಮ್ಮಾ?" ಎಂದು ಚಾಚಾ ಬಂದಾಗ ಅವ್ವ ತರಾಟೆಗೆ ತೆಗೆದುಕೊಂಡಳು.

"ಸ್ವಲ್ಪದಾಗ ಉಳದ್ಲು ಅಂದ್ರ ಯಾರೂ ಕಿವ್ಯಾಗ ಹಾಕೋಳ್ಳೂದಿಲ್ಲಕ್ಕಾ. ದವಾಖಾನಿ ಅಂದ್ರ ಕೇಳ್ತಾರ. ನಿಮಗೇನ್ ತ್ರಾಸ? ಹಾಸಗಿ ಮ್ಯಾಲೆ ಆರಾಮ ಮಲಗಿಸೇನಿ, ದಿನಾ ಎಳನೀರ ಕುಡಿಸಾಕತ್ತೇನಿ."

ಅವ್ವ ನಕ್ಕಳು. ಆ ನಗುವನ್ನೇ ಅವರು ಒಪ್ಪಿಗೆ ಎಂದು ತಿಳಿದರೆಂದು ಕಾಣುತ್ತದೆ.

ಚಾಚಾ ತೀರಿಕೊಂಡ ಮೇಲೆ ನನ್ನನ್ನು ಬಾಧಿಸಿದ್ದು ಒಂದೇ ವಿಚಾರ. ಒಬ್ಬ ಹೆಮ್ಮೆಯ ಮನುಷ್ಯ ತನ್ನ ಹೆಮ್ಮೆಯನ್ನೇ ಖರ್ಚು ಮಾಡಿ ಸುತ್ತಲಿನ ಊರುಗಳಿಗೆ ಒಂದು ಪ್ರಶ್ನೆ ಕೊಟ್ಟು ಹೋದರು. ಅದು ಅವರ ಜೊತೆಗೇ ಹೋಯಿತೇ, ಉಳಿಯಿತೇ? ಪಾಲಾದ ಮನೆಗಳಿಗೆ ನಮ್ಮ ಕಡೆ ಬರವಿಲ್ಲ. ಎಲ್ಲ ಹಿತ್ತಲಿನಲ್ಲೂ ಒಂದೊಂದು ಬಲ್ಬು ಇದೆ.

ಕಳೆದ ತಿಂಗಳು ಅವ್ವ ಹುಕ್ಕೇರಿಗೆ ನನ್ನ ಮನೆಗೆ ಬಂದಳು. ಮೊಣಕಾಲಿಗೆ ಇಲ್ಲಿಯ ವೈದ್ಯರ ಎಣ್ಣೆ ಹಿಡಿಸುತ್ತದೆಂದು ಸ್ವಲ್ಪ ದಿನ ಇಟ್ಟುಕೊಂಡಿದ್ದೆ. ಎದ್ದು ಬಾಗಿಲ ತನಕ ಹೋಗಿ ಲೈಟು ಹಾಕುವುದು ಅವಳಿಗೆ ಕಷ್ಟ. ಮಂಚದ ಹತ್ತಿರ ಇನ್ನೊಂದು ಬಟನ್ ಇರಲಿ ಎಂದು ವಾಯರಮನ್‌ನನ್ನು ಕರೆಸಿದೆ. ಇಲ್ಲಿಯವನೇ, ನನಗಿಂತ ಸಣ್ಣವನು. ಬಾಗಿಲ ಪಕ್ಕದ ಬೋರ್ಡು ನೋಡಿದ, ಮಂಚ ನೋಡಿದ, ಚೀಲವನ್ನು ಬಿಚ್ಚದೆ ಹೆಗಲ ಮೇಲೇ ಇಟ್ಟುಕೊಂಡು ಕೇಳಿದ:

"ಅಕ್ಕಾರ, ಈ ಮನಿ ವಾಟ್ನಿ ಆಗೇತೇನ್ರಿ?"

"ಇಲ್ಲ. ಯಾಕ ಕೇಳ್ತೀರಿ?" ಎಂದೆ.

"ಕೇಳಬೇಕ್ರಿ. ಮೂಡಲಗ್ಯಾಗ ನಾ ಕೆಲಸಾ ಕಲಿಯೂ ಮುಂದ ನಮ್ಮ ಗುರುಗೋಳು ಹೇಳ್ಯಾರ. ಕೊಣ್ಣೂರಾಗ ಒಂದ ಮನಿ ವಾಟ್ನಿ ಆಗಿತ್ತಂತ, ಮೀಟರ್ ಎರಡ, ಬಲ್ಬ್ ಒಂದ. ಭಾಳ ದೊಡ್ಡ ವಾಯರಮನ್ ಅಂತ್ರಿ, ಅಂಥಾಂವನ ಕೈಯಾಗ ತಪ್ಪಾಗಿ ಒಬ್ಬಾಕಿ ಹೆಣ್ಣಮಗಳು ಸತ್ತಳಂತ."

ಮಂಚದ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ ಅವ್ವ ಬಸಿಯನ್ನು ಕೆಳಗಿಟ್ಟಳು.

"ಸತ್ತಳಂತೇನ?"

"ಹೂನ್ರಿ ಅಮ್ಮಾರ. ಅಲ್ಲೇ, ಜಾಗಾದಾಗs."

"ದವಾಖಾನಿಗೂ ಒಯ್ಯಲಿಲ್ಲಂತ?"

"ಒಯ್ದಿದ್ರಂತ ಅಂತಾರ ಕೆಲವ್ರು. ಉಳೀಲಿಲ್ಲಂತ್ರಿ."

ಅವ್ವ ನನ್ನ ಕಡೆ ನೋಡಿದಳು. ನಗು ತಡೆಯಲಾಗದೆ ಅವಳ ಹೆಗಲು ಕುಣಿಯುತ್ತಿದ್ದವು, ಕಣ್ಣಲ್ಲಿ ಮಾತ್ರ ನೀರಿತ್ತು. ನಾನು ಆ ವಾಯರಮನ್‌ಗೆ, "ಆ ಹೆಣ್ಣಮಗಳು ಇಕಿನs ರಿ," ಎಂದೆ. ಅವನು ಅವ್ವನನ್ನು ನೋಡಿದ, ಚಹಾದ ಬಸಿಯನ್ನು ನೋಡಿದ, ನಿಧಾನವಾಗಿ ಚೀಲ ಕೆಳಗಿಳಿಸಿದ. ಅವನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಇಷ್ಟು ವರ್ಷ ಹೊತ್ತುಕೊಂಡಿದ್ದ ಒಂದು ಸಾವು ಅವನ ತಲೆಯಿಂದ ಇಳಿದಿತ್ತು.

ಕೆಲಸ ಮುಗಿದ ಮೇಲೆ ಅವನು ಬಟನ್ ಒತ್ತಲು ಹೋದಾಗ ಅವ್ವ ತಡೆದಳು. ನನ್ನಿಂದ ಕುಂಕುಮ ತರಿಸಿ ಬೋರ್ಡಿಗೆ ಹಚ್ಚಿ, ತಾನೇ ಬೆರಳಿನಿಂದ ಒತ್ತಿದಳು. ಲೈಟು ಹೊತ್ತಿತು. ನಾನು ಬಲ್ಬಿನ ಕಡೆ ನೋಡದೆ ಅವಳ ಮುಖವನ್ನು ನೋಡಿದೆ.

"ಭಾರಿ ಆತು," ಎಂದಳು ಅವ್ವ. ಆಮೇಲೆ ಅವನಿಗೆ, "ನಿಮ್ಮ ಗುರುಗೋಳಿಗೆ ಭೆಟ್ಟಿಯಾದ್ರ ಹೇಳ್ರಿ, ಆ ಹೆಣ್ಣಮಗಳು ಇನ್ನೂ ಜೀವಂತ ಅದಾಳಂತ," ಎಂದಳು. ಅವನು ಚೀಲ ಎತ್ತಿಕೊಂಡು ಬಾಗಿಲು ದಾಟುವಾಗ ಏನೋ ಯೋಚಿಸಿ ಮತ್ತೆ ಕರೆದಳು.

"ತಮ್ಮಾ, ಬ್ಯಾಡ ಬಿಡು. ಸತ್ತಳಂತನs ಕಲಿಸ್ಲಿ."